ಹಬೆಮನೆಯ ಕೊಕ್ಕರೆನೊಣ

ಕೊಕ್ಕರೆನೊಣವೂ ದೇವರ ಸೃಷ್ಟಿಯೇ ಎಂಬುದನ್ನು ಲ್ಯಾಪ್‌ಲ್ಯಾಂಡಿನ ಕೀಟ ಸಂರಕ್ಷಣಾ ಕಚೇರಿಯು ಕಳೆದ ಬೇಸಿಗೆಯಲ್ಲಿ ಅಧಿಕೃತವಾಗಿ ಅಂಗೀಕರಿಸಿತು. ಅಲ್ಲಿಯವರೆಗೆ ಆ ಬಡಜೀವಿ ಉದ್ದ ಕಾಲುಗಳನ್ನು ಇಳಿಬಿಟ್ಟುಕೊಂಡು, ಯಾರನ್ನೂ ಕಚ್ಚದೆ, ಕಚೇರಿಯ ಅಪ್ಪಣೆಯಿಲ್ಲದೆಯೇ ಹಾರಾಡುತ್ತಿತ್ತು. ದೇವರು ಅದನ್ನು ಕ್ಷಮಿಸಲಿ.

ಅದರ ಮರಿಹುಳು ಸಿಕ್ಕಿದ್ದು ಹಳ್ಳಿಯ ಹಿಲ್ಯಮ್ಮನ ಹಬೆಮನೆಯಲ್ಲಿ, ಅಂದರೆ ಒಲೆ ಉರಿಸಿ ಬೆವರಿ ಮೀಯುವ ಮರದ ಕೋಣೆಯಲ್ಲಿ, ಗೋಡೆಯ ದಿಮ್ಮಿಗಳ ಸಂದಿಗೆ ತುರುಕಿದ್ದ ಒದ್ದೆ ಪಾಚಿಯೊಳಗೆ. ಒಲೆ ಉರಿಸಿದರೆ ಪಾಚಿ ಒಣಗಿ ಹುಳು ಸಾಯುತ್ತದೆಂದು ಕಚೇರಿಯು ಊರಿನ ಹಬೆಮನೆಗಳಿಗೆಲ್ಲ ಬೀಗಮುದ್ರೆ ಹಾಕಿತು. ಹಿಲ್ಯಮ್ಮ ಭಕ್ತೆ, ದೇವರ ಹುಳುವಿನ ಮೇಲೆ ಅವಳಿಗೆ ಕೋಪವಿಲ್ಲ. ಆದರೆ ಹಾಸಿಗೆ ಹಿಡಿದಿದ್ದ ಅವಳ ಗಂಡ ಓಯ್ವಾ, ಊರಿನ ಹಳೆಯ ರೂಢಿಯಂತೆ, ಹುಟ್ಟಿದ್ದೇ ಆ ಹಬೆಮನೆಯ ಹಲಗೆಯ ಮೇಲೆ. ಕಣ್ಣು ಮುಚ್ಚುವ ಮೊದಲು ಒಂದೇ ಒಂದು ಸಲ ಅಲ್ಲಿ ಕೂತು ಬೆವರಬೇಕೆಂಬುದು ಅವನ ಆಸೆ.

ಶನಿವಾರ ಬಂತೆಂದರೆ ಕಚೇರಿಯ ಅಧಿಕಾರಿ ತೊರ್ಮಾನೆನ್ ಹುಳುವಿನ ಅಧ್ಯಯನ ಸಮಿತಿಯೊಡನೆ ಬಂದು, ಮುದ್ರೆ ಒಡೆದು, ಒಲೆ ಹೊತ್ತಿಸಿ, ಬತ್ತಲೆಯಾಗಿ ಒಳಗೆ ಕೂರುತ್ತಿದ್ದರು. ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಕಟ್ಟು, ಬಿಯರು, ಸಾಸೇಜು ಎಲ್ಲವೂ ಸಂಶೋಧನಾ ಸಾಮಗ್ರಿ. ಸೌದೆ ಮಾತ್ರ ಹಿಲ್ಯಮ್ಮನದು.

“ಸಾಹೇಬ್ರೇ, ಇಷ್ಟು ಬಿಸಿಗೆ ಹುಳ ಸಾಯಲ್ವೇ?”

“ಅಧ್ಯಯನದಲ್ಲಿ ಸತ್ರೆ ಅದು ಸಾವಲ್ಲ ಹಿಲ್ಯಮ್ಮ, ಮಾಹಿತಿ. ಇನ್ನೆರಡು ಸೌದೆ ಹಾಕಿ.”

“ಹಂಗಾದ್ರೆ ನಮ್ಮೋರ್ನೂ ಒಂದು ಮೂಲೇಲಿ ಕೂರಿಸ್ಕೊಳ್ಳಿ.”

“ಛೆ! ನಾವು ಕೂತ್ರೆ ಸಂಶೋಧನೆ. ಅವ್ರು ಕೂತ್ರೆ ಸ್ನಾನ ಆಗ್ಬಿಡತ್ತೆ.”

ಹಿಲ್ಯಮ್ಮ ಅರ್ಜಿ ಹಾಕಿದಳು. ಪಾದ್ರಿಗಳು ಶಿಫಾರಸು ಮಾಡಿದರು. ದೇವರು ದೊಡ್ಡವನು. ಮೊದಲ ಹಿಮ ಬೀಳುವ ಹೊತ್ತಿಗೆ ತೊರ್ಮಾನೆನ್ ತಾವೇ ಬಂದು ಆದೇಶ ಓದಿದರು:

“ಮೃತರನ್ನು ಹಬೆಮನೆಯಲ್ಲಿ ತೊಳೆಯುವ ಪೂರ್ವಿಕರ ಪದ್ಧತಿಯನ್ನು ಗೌರವಿಸಿ, ಸದರಿ ಓಯ್ವಾ ಅವರಿಗೆ ಮರಣಾನಂತರ ಒಂದು ಸಲದ ಪ್ರವೇಶ ಮಂಜೂರು ಮಾಡಲಾಗಿದೆ. ಒಲೆ ಉರಿಸಬಹುದು. ಶನಿವಾರ ಸಂಶೋಧನೆ ಇರುವುದರಿಂದ ಫಲಾನುಭವಿಯು ಇತರೆ ದಿನಗಳಲ್ಲಿ ಮಾತ್ರ ಮರಣ ಹೊಂದತಕ್ಕದ್ದು.”

ಪಾದ್ರಿಗಳು ಕಣ್ಣು ಮುಚ್ಚಿ ಸ್ತೋತ್ರ ಹೇಳಿದರು. ಪಕ್ಕದ ಮನೆಯ ಸೈಮಿ ಏಲಕ್ಕಿ ಬನ್ನು ತಂದು ಹಿಲ್ಯಮ್ಮನ ಕೈ ಕುಲುಕಿದಳು.

“ಪುಣ್ಯವಂತೆ ಕಣೇ ನೀನು. ನಮ್ಮೋರಿಗೆ ಸತ್ತ ಮೇಲೂ ಬಿಡ್ಲಿಲ್ಲ.”

ಹಾಸಿಗೆಯಲ್ಲಿದ್ದ ಓಯ್ವಾ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿಸಿಕೊಂಡ.

“ಲೇ, ಮಂಗಳವಾರ ಆಗುತ್ತಾ ಅಂತ ಕೇಳೇ.”

ತೊರ್ಮಾನೆನ್ ಸ್ವಲ್ಪ ಯೋಚಿಸಿ, ಬುಧವಾರ ಅನುಕೂಲ ಎಂದರು. ಹಿಲ್ಯಮ್ಮ ಅವರಿಗೆ ವಂದನೆ ಹೇಳಿ, ಸೌದೆ ಒಡೆಯಲು ಹೋದಳು.