ಸಾಸಿವೆ ಸಿಡಿಯುವ ತಟ್ಟೆ

ನಮ್ಮ ಮನೆಯವರು ನನ್ನನ್ನು ನೋಡಲು ಕುಷ್ಟಗಿಗೆ ಬಂದಾಗ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ ಒಪ್ಪಿಕೊಂಡರು ಎಂದು ನನ್ನ ತಂಗಿ ಇವತ್ತಿಗೂ ಹೇಳುತ್ತಾಳೆ. ಅದು ಸುಳ್ಳು. ಹಿಡಿದಿರಲಿಲ್ಲ. "ಹುಡುಗಿ ಸ್ವಲ್ಪ ಕಿಟಕಿ ಕಡೆ ಕೂಡ್ಲಿ" ಎಂದು ಹೇಳಿಸಿ, ತಮ್ಮ ಕತ್ತನ್ನೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ ನೋಡಿದರು, ಅಷ್ಟೆ! ಪಾಪ, ವರನ ಕತ್ತು ಉಳುಕಿರಬೇಕೆಂದು ನಮ್ಮ ಅವ್ವ ಎಣ್ಣೆ ಕಾಯಿಸಲು ಒಳಗೆ ಎದ್ದು ಹೋಗಿದ್ದಳು.

ಮದುವೆಯಾದ ತಿಂಗಳೊಳಗೆ ನನಗೆ ತಿಳಿಯಿತು, ಈ ಮನುಷ್ಯ ಲೋಕದಲ್ಲಿರುವುದನ್ನೆಲ್ಲ ಹೀಗೇ ನೋಡುತ್ತಾರೆ ಎಂದು. ಬದನೆಕಾಯಿ, ಮೂಗುಬಟ್ಟು, ಬಸ್ಸಿನ ಟಿಕೆಟ್ಟು, ಯಾವುದಕ್ಕೂ ವಿನಾಯಿತಿ ಇಲ್ಲ. ಅವರ ಕೆಲಸವೇ ಅಂಥದ್ದು. ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಭತ್ತ ಪರೀಕ್ಷಿಸುವ ಕೆಲಸ. ಚೀಲಕ್ಕೆ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು, ಅಂಗೈಯಲ್ಲಿ ತಿಕ್ಕಿ, ಊದಿ, ಭೂತಗನ್ನಡಿ ಹಿಡಿದು, ಇದರಲ್ಲಿ ಅಕ್ಕಿ ಎಷ್ಟು, ನುಚ್ಚು ಎಷ್ಟು ಎಂದು ಅಲ್ಲೇ ಹೇಳಿಬಿಡುತ್ತಿದ್ದರು. ಬೆನ್ನ ಹಿಂದೆ ಹಗಲಿಡೀ ಗಿರಣಿ ಗುಡುಗುತ್ತಿರುತ್ತಿತ್ತು. ಅದರ ಮುಂದೆ ನಿಂತು ಇವರು ಕಾಳು ಊದುತ್ತಿದ್ದರು. ಇಷ್ಟೇ ಆಗಿದ್ದರೆ ನಾನು ಸುಖವಾಗಿರುತ್ತಿದ್ದೆ.

ಎಪ್ಪತ್ಮೂರೋ ಎಪ್ಪತ್ನಾಲ್ಕೋ ಇಸವಿ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ಒಂದು ಕುಟುಂಬ ಮನೆ ಖಾಲಿ ಮಾಡಿ ಆಸ್ಟ್ರೇಲಿಯಾಕ್ಕೆ ಹೊರಟಿತ್ತು. ಅವರಿಂದ ಗಿರಣಿಯ ಸಾಹುಕಾರರು ರೇಡಿಯೋ, ಗ್ರಾಮಫೋನು ಎರಡೂ ಕೂಡಿದ ಒಂದು ರೇಡಿಯೋಗ್ರಾಂ ಕೊಂಡು ತಂದರು. ಅದರ ಸಂಗಡ ಒಂದು ಪೆಟ್ಟಿಗೆ ತುಂಬ ಕಪ್ಪು ಪ್ಲೇಟುಗಳು ಬಂದವು. "ಒಂದರಾಗೂ ದೇವರ ಪದ ಇಲ್ಲ, ಒಗೀರಿ ಆಚಿಗೆ" ಎಂದರು ಸಾಹುಕಾರರು. ನಮ್ಮವರು ಒಗೆಯುವ ಮೊದಲು ಒಂದನ್ನು ಹಾಕಿ ಕೇಳಿದರು. ಅಲ್ಲಿಗೆ ಕೆಟ್ಟರು!

ಅದು ಅಮೆರಿಕದವರ ಜಾಝ್ ಅಂತೆ. ಇನ್ನೊಂದು ಸೋಲ್ ಅಂತೆ. ಎರಡಕ್ಕೂ ಏನು ಫರಕು ಎಂದು ಕೇಳಿದ್ದೇ ನನ್ನ ತಪ್ಪಾಯಿತು. "ಸಂತಿಯಿಂದ ಹೊಳ್ಳಿ ಬರೂ ಎತ್ತು ದಾರಿ ಬಿಟ್ಟು ಹೊಲಾ ಹೊಕ್ಕರೂ ದೀಪಾ ಹಚ್ಚೂದ್ರಾಗ ಮನಿಗೆ ಬರ್ತಾವಲ್ಲ, ಅದು ಜಾಝ್. ಬಯಲಾಟದಾಗ ತಾಯಿ ಪಾತ್ರ ಮಾಡಿದಂವ ಹೊಟ್ಟಿಯೊಳಗಿಂದ ಕರೀತಾನಲ್ಲ, ಅದು ಸೋಲ್" ಎಂದರು. ಭಾಷೆ ತಿಳಿಯುತ್ತದೆಯೇ ಎಂದೆ. "ಕೋಗಿಲಿ ಭಾಷಾ ನಿನಗ ತಿಳೀತೈತೇನು?" ಎಂದರು. ಇಂಥವರ ಹತ್ತಿರ ಏನು ಮಾತಾಡುವುದು?

ಹಾಡು ಹೇಗಾದರೂ ಇರಲಿ, ಅವರ ಜೀವವೆಲ್ಲ ಒಂದೇ ಒಂದು ಸಪ್ಪಳದ ಮೇಲೆ. ಹಿಂದೆ ಕೂತು ತಾಳ ಹಾಕುವವನು ತೆಳ್ಳಗಿನ ಹಿತ್ತಾಳೆ ತಟ್ಟೆಯ ಮೇಲೆ ಕಡ್ಡಿ ಆಡಿಸುತ್ತಾನಂತೆ. ಅದು ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಕೇಳಬೇಕು. ಕೇಳಿದರೆ ಅಚ್ಚು ಛಲೋ. ಕೇಳದಿದ್ದರೆ ಹಳೆಯ ಸೂಜಿಗಳು ಅದನ್ನು ಉಜ್ಜಿ ತಿಂದುಬಿಟ್ಟಿವೆ. ನಮ್ಮಂಥವರ ಕೈಗೆ ಎಟಕುವ ಬೆಲೆಯಲ್ಲಿ ಸಾಸಿವೆ ಪೂರಾ ಉಳಿದಿರುವ ಪ್ಲೇಟುಗಳನ್ನು ಹುಡುಕುವುದು, ಇದೇ ಅವರ ಜನ್ಮದ ಗುರಿಯಾಯಿತು. ನಾನು ಒಗ್ಗರಣೆಗೆ ಸಾಸಿವೆ ಹಾಕಿದರೆ ಸಾಕು, ಮನೆಯ ಯಾವ ಮೂಲೆಯಲ್ಲಿದ್ದರೂ ಕೂಗುತ್ತಿದ್ದರು, "ಹಾಂ! ಇದು ನೋಡು ಮೊದಲ್ನೇ ಅಚ್ಚು!"

ಮೊದಲನೇ ಅಚ್ಚು ಎಂದರೇನು ಎಂಬುದನ್ನು ಅವರು ನನಗೆ ಗೌರಿ ಹುಣ್ಣಿಮೆಯ ಸಕ್ಕರೆ ಗೊಂಬೆ ಹಿಡಿದು ವಿವರಿಸಿದ್ದರು. "ಹೊಸಾ ಅಚ್ಚಿನಾಗ ಹೊಯ್ದ ಒಂಟಿಗೆ ಮೂಗು, ತುಟಿ ಎಲ್ಲಾ ಇರ್ತಾವ. ಅದೇ ಅಚ್ಚಿನಾಗ ನೂರು ಸಲ ಹೊಯ್ದ ಮ್ಯಾಲ ಒಂಟಿ ಯಾವುದು, ಆನಿ ಯಾವುದು ತಿಳಿಯಂಗಿಲ್ಲ. ಪ್ಲೇಟೂ ಹಂಗ." ಆ ವರ್ಷ ಆರತಿಗೆ ಬಂದವರೆದುರು ಒಂಟೆಯ ಮೂಗನ್ನು ಭೂತಗನ್ನಡಿಯಲ್ಲಿ ನೋಡಿ, "ಇದು ಭಾಳ ತಡವಾಗಿ ಹೊಯ್ದಿದ್ದು" ಎಂದರು. ಗೊಂಬೆ ತಂದಿದ್ದ ಬೀಗರು ಇನ್ನೂ ಸಿಟ್ಟಿನಲ್ಲಿದ್ದಾರೆ.

ಅವರು ಒಂದು ಸಣ್ಣ ಪೆಟ್ಟಿಗೆಯಂಥ ಪ್ಲೇಯರ್ ಹೊಂದಿಸಿಕೊಂಡ ಹೊಸತು. ಸಾಹುಕಾರರ ಪೆಟ್ಟಿಗೆಯಿಂದ ಬಂದವುಗಳಲ್ಲಿ ಒಂದೇ ಪ್ಲೇಟಿನಲ್ಲಿ ಸಾಸಿವೆ ಪೂರಾ ಉಳಿದಿತ್ತು. ನಾನು ಹೊಸ ಸೊಸೆ. ಗಂಡನನ್ನು ಖುಷಿಪಡಿಸಬೇಕೆಂಬ ಆಸೆ. ಪ್ಲೇಟಿನ ಮೇಲೆ ಎಣ್ಣೆ ಕೈಯ ಗುರುತು ಕಾಣಿಸಿತು. ಎಣ್ಣೆ ಹತ್ತಿದ ತಟ್ಟೆಯನ್ನು ಏನು ಮಾಡುತ್ತಾರೆ? ಬೂದಿ ಹಾಕಿ, ತೆಂಗಿನ ನಾರಿನಿಂದ ಎರಡೂ ಕಡೆ ಗಸಗಸ ತಿಕ್ಕಿ, ಮೂರು ನೀರಿನಲ್ಲಿ ತೊಳೆದು, ಹಪ್ಪಳದ ಪಕ್ಕದಲ್ಲಿ ಬಿಸಿಲಿಗೆ ಇಟ್ಟೆ!

ಅವರು ಬಂದರು. ನೋಡಿದರು. ಎತ್ತಿ ಬಿಸಿಲಿಗೆ ಓರೆ ಮಾಡಿದರು. ಅವರ ಮುಖ ನೋಡಿಯೇ ಏನೋ ಕೆಟ್ಟಿತೆಂದು ತಿಳಿದು, ನಾನು ಬೈಗುಳ ಕಾಯುತ್ತ ಕಂಬ ಹಿಡಿದು ನಿಂತಿದ್ದೆ.

"ಬೂದಿ ಯಾವುದು? ಕಟ್ಟಿಗಿದೋ, ಕುಳ್ಳಿಂದೋ?"

"ಸಗಣಿ ಕುಳ್ಳಿಂದ್ರಿ."

"ಹ್ಞಾಂ. ಅದಕ್ಕ ಗೀರು ಸಣ್ಣಾಗಿ ಬಿದ್ದಾವ."

ಅಷ್ಟೆ! ಒಂದು ಸಲ ಹಾಕಿ ನೋಡಿದರು. ಹುಗ್ಗಿ ತಳ ಹತ್ತಿದಂತೆ ಶಿಯ್ ಎಂದಿತು. ತೆಗೆದು ಅದರ ರಟ್ಟಿನ ಚೀಲಕ್ಕೆ ಹಾಕಿಟ್ಟರು. ಮುಂದೆ ಹದಿನೇಳು ಹದಿನೆಂಟು ವರ್ಷ ಅದನ್ನು ಮುಟ್ಟಲಿಲ್ಲ, ಎಸೆಯಲೂ ಇಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆ.

ತಿಂಗಳಿಗೊಂದು ಭಾನುವಾರ ಬಸ್ಸಿನಲ್ಲಿ ಕೊಪ್ಪಳ, ಅಲ್ಲಿಂದ ರೈಲಿನಲ್ಲಿ ಹುಬ್ಬಳ್ಳಿ. ಅಲ್ಲಿ ಹಳೇ ಸಾಮಾನು ಮಾರುವ ಒಬ್ಬ ಸಾಹೇಬರ ಅಂಗಡಿ. ಈ ಖರ್ಚಿಗಾಗಿ ನಮ್ಮ ಮನೆಯಲ್ಲಿ ನುಚ್ಚಿನ ಅನ್ನ. ಅಕ್ಕಿ ಗಿರಣಿಯವನ ಹೆಂಡತಿ ನುಚ್ಚು ಬೇಯಿಸುತ್ತಾಳೆ ಎಂದು ಓಣಿಯೆಲ್ಲ ನಗುತ್ತಿತ್ತು. ಕೇಳಿದರೆ, "ಹೊಟ್ಟಿಗೆ ನುಚ್ಚು ನಡೀತೈತಿ. ಕಿವಿಗೆ ನಡಿಯಂಗಿಲ್ಲ" ಎನ್ನುತ್ತಿದ್ದರು.

ಅಂಗಡಿಯಲ್ಲಿ ಅವರ ಪರೀಕ್ಷೆ ನೋಡಬೇಕಿತ್ತು. ಹೊರಗಿನ ಚೀಲ ಹರಿದಿದ್ದರೆ ಅವರಿಗೆ ಹಬ್ಬ. ಬೆಲೆ ಇಳಿಯುತ್ತದೆ, ಹಾಡುವುದು ಚೀಲವಲ್ಲವಲ್ಲ! ಆಮೇಲೆ ಪ್ಲೇಟನ್ನು ರಸ್ತೆಗೆ ಒಯ್ದು ಬಿಸಿಲಿಗೆ ಓರೆ ಮಾಡುವರು. ಕೆರೆಯಿಂದ ಎದ್ದು ಬಂದ ಎಮ್ಮೆಯ ಬೆನ್ನಿನಂತೆ ಹೊಳೆಯಬೇಕು, ಬೂದು ಬಣ್ಣಕ್ಕೆ ತಿರುಗಿದ್ದರೆ ಒಳಗೆ ಏನೂ ಉಳಿದಿಲ್ಲ. ಗೀರು ಕಂಡರೆ ಉಗುರನ್ನು ಮೆಲ್ಲಗೆ ಎಳೆಯುವರು. ಉಗುರಿಗೆ ತಡೆದರೆ ಸೂಜಿಗೂ ತಡೆಯುತ್ತದೆ. ನಡುವಿನ ತೂತಿನ ಸುತ್ತ ಗೆರೆಗಳಿದ್ದರೆ ಮುಖ ಸಿಂಡರಿಸಿ, "ಕುಡುಕನ ಮನಿ ಕೀಲಿ ಆಗೈತಿ ಇದು. ಕಂಡಾಬಟ್ಟಿ ಹಾಕ್ಯಾರ" ಎನ್ನುವರು. ಕೊನೆಗೆ ಭೂತಗನ್ನಡಿ. ಹಾಡು ಮುಗಿದ ಮೇಲಿನ ಖಾಲಿ ಜಾಗದಲ್ಲಿ ಕೈಯಿಂದ ಕೊರೆದ ಸಣ್ಣ ಅಂಕಿ ಇರುತ್ತದೆ. ಅದನ್ನು ಓದಿ ಎಷ್ಟನೇ ಅಚ್ಚೆಂದು ಹೇಳುವರು.

"ಅರೇ ಭಾಯಿ," ಎನ್ನುತ್ತಿದ್ದರಂತೆ ಸಾಹೇಬರು, "ನನ್ನ ಮಗಳಿಗೆ ವರಾ ಹುಡುಕುವಾಗ ನಾನು ಇಷ್ಟು ನೋಡಲಿಲ್ಲ!"

"ನೋಡಬೇಕಿತ್ರಿ ಸಾಹೇಬ್ರ" ಎಂದು ಇವರ ಉತ್ತರ.

ಯಲಬುರ್ಗಾದ ಕಥೆ ಹೇಳಲೇಬೇಕು. ಅಲ್ಲೊಬ್ಬ ಮಾಜಿ ಸೈನಿಕರು ವಿಲಾಯಿತಿ ಪ್ಲೇಟು ತಂದಿಟ್ಟಿದ್ದಾರೆಂದು ಸುದ್ದಿ ಹತ್ತಿ, ರಜೆ ಹಾಕಿ ಓಡಿದರು. ಹೋಗಿ ನೋಡಿದರೆ ಸೈನಿಕರು ಊರಲ್ಲಿಲ್ಲ. ಅವರ ಹೆಂಡತಿ ಪ್ಲೇಟುಗಳನ್ನು ಕಾಳಿನ ಗಡಿಗೆಗಳ ಮೇಲೆ ಮುಚ್ಚಳ ಮಾಡಿದ್ದರು. ಇವರು ಕೇಳದೇ ಒಂದು ಮುಚ್ಚಳ ಎತ್ತಿ, ಬಾಗಿಲಿಗೆ ಒಯ್ದು, ಓರೆ ಮಾಡಿ, ಉಗುರು ಎಳೆದು, "ಇದು ಬ್ಯಾಡ್ರಿ ಅಕ್ಕಾರ, ಗೀರು ಭಾಳ ಅದಾವ" ಎಂದರಂತೆ.

"ನಿಮಗ ಮಾರ್ತೀನಂತ ಯಾರು ಅಂದ್ರು? ಇಡ್ರಿ ನನ್ನ ಮುಚ್ಚಳಾ! ಹೆಸರುಕಾಳಿಗೆ ಹುಳಾ ಹತ್ತತಾವ!"

ಆದರೆ ಕಡಲೆಯ ಗಡಿಗೆಯ ಮೇಲಿನ ಮುಚ್ಚಳ ಎಮ್ಮೆಯ ಬೆನ್ನಿನಂತೆ ಹೊಳೆಯುತ್ತಿತ್ತಂತೆ. ಮುಂದಿನ ವಾರ ಮತ್ತೆ ಹೋಗಿ ಅದನ್ನು ತಂದೇಬಿಟ್ಟರು. ಬದಲಿಗೆ ಏನು ಕೊಟ್ಟರು ಎನ್ನುತ್ತೀರಿ? ನನ್ನ ತವರಿನಿಂದ ಬಂದ ಹಿತ್ತಾಳೆ ಮುಚ್ಚಳ! "ಇದರಾಗ ಹಾಡಿಲ್ಲಲ್ಲ" ಎಂದು ನನಗೇ ಸಮಾಧಾನ ಹೇಳಿದರು.

ಇನ್ನು ನಮ್ಮ ಗಂಗಾವತಿಯ ಬೇಸಿಗೆ! ಏಪ್ರಿಲ್ ಬಂದರೆ ಪ್ಲೇಟುಗಳು ಹಪ್ಪಳದಂತೆ ಸೊಟ್ಟಗಾಗುತ್ತಿದ್ದವು. ಎರಡು ಗಾಜಿನ ನಡುವೆ ಪ್ಲೇಟಿಟ್ಟು, ಮೇಲೆ ಬೀಸುಕಲ್ಲು ಹೇರಿ ಮೂರು ದಿನ ಬಿಡುತ್ತಿದ್ದರು. ಅತ್ತೆಯವರು ಜೋಳ ಹಿಡಿದು ಕೂತು, "ಏನವ್ವಾ, ನಿನ್ನ ಗಂಡನ ಪದಾ ನೆಟ್ಟಗಾತೇನು? ನಾವು ಉಣ್ಣೂದು ಯಾವಾಗ?" ಎಂದು ನನ್ನನ್ನು ಕೇಳುತ್ತಿದ್ದರು. ನಾನೇನು ಸೊಟ್ಟಗೆ ಮಾಡಿದ್ದೆನೇ?

ಹೀಗೆ ವರ್ಷಗಳು ಹೋದವು. ಟೇಪ್ ರೆಕಾರ್ಡರ್ ಬಂತು. ಸಾಹೇಬರು ಪ್ಲೇಟುಗಳನ್ನು ಅಗ್ಗಕ್ಕೆ ಕೊಡಲು ಶುರು ಮಾಡಿದರು. ಅಗ್ಗವಾದಾಗ ಖುಷಿಪಡಬೇಕಾದ ನಮ್ಮವರು ಗೊಣಗತೊಡಗಿದರು. ತಂದದ್ದನ್ನೆಲ್ಲ ಮರಳಿ ಒಯ್ಯುವುದು. "ನೋಡಾಕ ಥಳಥಳ ಅಂತಾವ. ಒಳಗ ಸಾಸಿವಿನ ಇಲ್ಲ!" ಸೂಜಿ ಬದಲಿಸಿದರು. ಇಲ್ಲ. ಸ್ಪೀಕರ್ ಬಿಚ್ಚಿ ಜೋಡಿಸಿದರು. ಇಲ್ಲ. ಸದ್ದು ಜೋರು ಮಾಡಿದರು, ಪಕ್ಕದ ಮನೆಯ ಆಕಳು ಹಗ್ಗ ಹರಿದುಕೊಂಡಿತು. ಮಗಳು ಕಿವಿ ಮುಚ್ಚಿಕೊಂಡು ಗೆಳತಿಯ ಮನೆಗೆ ಹೋದಳು. ಹದಿನೈದು ವರ್ಷದ ಗಿರಾಕಿ ಎಂದು ಸಾಹೇಬರು ಸಹಿಸಿಕೊಂಡರು. ಸಹಿಸಲಾಗದವಳು ನಾನು.

ನನಗೆ ಸಾಸಿವೆ ಕೇಳುತ್ತಿತ್ತು. ಚಟಚಟ ಕೇಳುತ್ತಿತ್ತು. ಆದರೆ ಬೂದಿ ಹಾಕಿ ಪ್ಲೇಟು ತಿಕ್ಕಿದವಳು ನಾನು, ನನಗೇನು ತಿಳಿಯುತ್ತದೆ ಎಂದು ಸುಮ್ಮನಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಅವರು ಅಡುಗೆ ಮನೆಯ ಹೊಸ್ತಿಲಲ್ಲಿ ನನಗೆ ಬೆನ್ನು ಮಾಡಿ ಕೂತು, ಪ್ಲೇಟು ಒರೆಸುತ್ತ ಅದೇ ರಾಗ ತೆಗೆದಿದ್ದರು. ಎಲ್ಲಾ ಮೋಸ, ಎಲ್ಲಾ ಸವೆದ ಅಚ್ಚು. ನನಗೆ ರೇಗಿತು. ಬೇಳೆಗೆ ಒಗ್ಗರಣೆ ಇಟ್ಟಿದ್ದೆ. ಸಿಟ್ಟಿನಲ್ಲಿ ಒಂದು ಹಿಡಿ ಸಾಸಿವೆ ಎಣ್ಣೆಗೆ ಸುರಿದೆ. ಗೋಡೆಗೆ, ಸೀರೆಗೆ, ಮಾಡಿಗೆ ಸಿಡಿಯಿತು. "ತಗೋರಿ ನಿಮ್ಮ ಸಾಸಿವಿ!" ಎನ್ನಲು ಬಾಯಿ ತೆರೆದೆ.

ಅವರು ತಿರುಗಲಿಲ್ಲ.

ಇನ್ನೊಂದು ಹಿಡಿ ಹಾಕಿದೆ. ಯಾಕೆ ಹಾಕಿದೆನೋ. ಅದೂ ಸಿಡಿಯಿತು. ಅವರು ಪ್ಲೇಟನ್ನು ಬೆಳಕಿಗೆ ಓರೆ ಮಾಡಿ ಒರೆಸುತ್ತಲೇ ಇದ್ದರು. "ಮೊದಲ್ನೇ ಅಚ್ಚು" ಎಂದು ಅವರು ಕೂಗಿ ಎಷ್ಟು ದಿನವಾಯಿತು? ಎಷ್ಟು ತಿಂಗಳು? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಕೂಗಿದ್ದು ನಿಂತಾಗ, ಅಂತೂ ಪೀಡೆ ತೊಲಗಿತು ಎಂದುಕೊಂಡಿರಬೇಕು ನಾನು.

ಊಟಕ್ಕೆ ಕೂತಾಗ, "ಏನಿದು, ಬ್ಯಾಳಿಗಿಂತ ಸಾಸಿವಿನ ಭಾಳ ಆಗೈತಲ್ಲ" ಎಂದರು.

"ಕೈ ತಪ್ಪಿತ್ರಿ" ಎಂದೆ.

ಹೇಳುವುದೋ ಬಿಡುವುದೋ ಎಂದು ಒಂದು ವಾರ ಒದ್ದಾಡಿದೆ. ನುಚ್ಚು ಉಂಡು ಕಿವಿ ಸಾಕಿದ ಮನುಷ್ಯನಿಗೆ, ತಪ್ಪು ಪ್ಲೇಟಿನದಲ್ಲ, ಗಿರಣಿಯ ಗುಡುಗಿಗೆ ಸಣ್ಣ ಸಪ್ಪಳ ಕಳೆದುಕೊಂಡ ಕಿವಿಯದು ಎಂದು ಯಾವ ಬಾಯಿಂದ ಹೇಳುವುದು? ಕೊನೆಗೆ, "ನನಗೂ ಕಲಿಸ್ರಿ, ಸಾಸಿವಿ ಹೆಂಗ ಗುರ್ತು ಹಿಡಿಯೂದು" ಎಂದೆ. ಅವರು ಕತ್ತನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ ನನ್ನನ್ನು ನೋಡಿದರು.

"ಮುಂದಿನ ಐತವಾರ ಹುಬ್ಬಳ್ಳಿಗೆ ನಡಿ" ಎಂದರು.

ಅವರ ಕಣ್ಣು, ಅವರ ಉಗುರು, ನನ್ನ ಕಿವಿ. ನಾನು ಸೆರಗು ಹೊದ್ದು ಸ್ಟೂಲಿನ ಮೇಲೆ ಕೂತು ಸ್ಪೀಕರಿಗೆ ಕಿವಿ ಕೊಟ್ಟರೆ ರಸ್ತೆಯಲ್ಲಿ ಜನ ನಿಂತು ನೋಡುತ್ತಿದ್ದರು. "ಬಾಯಿ, ನೀವೂ ಶುರು ಮಾಡಿದಿರಾ?" ಎಂದು ಸಾಹೇಬರು ಹಣೆ ಚಚ್ಚಿಕೊಂಡರು. "ಒಬ್ಬರಿಂದಾನೇ ನನಗೆ ಸಾಕಾಗಿತ್ತು!" ಒಮ್ಮೆ ಇವರು ಬಿಸಿಲಿನಲ್ಲಿ ಪಾಸು ಮಾಡಿದ ಪ್ಲೇಟನ್ನು ಕೇಳಿ ನಾನು "ಇಲ್ಲರಿ" ಎಂದು ಕೈ ಆಡಿಸಿದೆ. ಒಡನೆ ಸಾಹೇಬರಿಗೆ ಮರಳಿ ಕೊಟ್ಟರು. ಯಾರ ಮಾತಿಗೂ ಒಂದು ಹಿಡಿ ಭತ್ತವನ್ನೂ ಬಿಟ್ಟುಕೊಡದ ಮನುಷ್ಯ! ರೈಲಿನಲ್ಲಿ ಬರುವಾಗ ಕಿಟಕಿ ನೋಡುತ್ತಿದ್ದೆ. ಅವರು ಶೇಂಗಾ ಸುಲಿದು ಕಾಳನ್ನೆಲ್ಲ ನನ್ನ ಕೈಗೇ ಹಾಕುತ್ತ ಬಂದರು.

ಹೋದ ಚಳಿಗಾಲದಲ್ಲಿ ಒಂದು ದಿನ ನಾನು ರೊಟ್ಟಿ ಬಡಿಯುತ್ತಿದ್ದೆ. ಒಳಗಿನಿಂದ ಶಿಯ್ ಎಂದು ಸದ್ದು ಬಂತು. ಹಿಟ್ಟಿನ ಕೈಯಲ್ಲೇ ಓಡಿದೆ. ನಾನು ಬೂದಿಯಲ್ಲಿ ತಿಕ್ಕಿದ ಆ ಪ್ಲೇಟು ತಿರುಗುತ್ತಿತ್ತು. ಹಾಡು ಎಲ್ಲೋ ಅಡಿಯಲ್ಲಿ, ಮೇಲೆಲ್ಲ ನನ್ನ ತೆಂಗಿನ ನಾರಿನ ಸಪ್ಪಳ. ಅವರು ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದರು.

"ನೋಡು," ಎಂದರು ಕಣ್ಣು ತೆರೆಯದೇ, "ಎಷ್ಟು ಸ್ವಚ್ಛ ತೊಳದೀ! ಒಂದು ಸಪ್ಪಳ ಇಲ್ಲ."

ಅವರಿಗೆ ನಿಜವಾಗಿಯೂ ಕೇಳುತ್ತಿರಲಿಲ್ಲವೋ, ಇಷ್ಟು ವರ್ಷದ ಮೇಲೆ ನನ್ನನ್ನು ಚೇಷ್ಟೆ ಮಾಡುತ್ತಿದ್ದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಬೇಕೆಂದುಕೊಂಡೆ. ಹಂಚಿನ ಮೇಲೆ ರೊಟ್ಟಿ ಇತ್ತು, ಹೋದೆ. ಆಮೇಲೆ ಕೇಳಿದರಾಯಿತು ಎಂದುಕೊಂಡೆ.

ಅವರು ಹೋಗಿ ಈಗ ಮೂರು ತಿಂಗಳಾಯಿತು. ಸಾಹೇಬರು ಮಾತಾಡಿಸಲು ಬಂದಿದ್ದರು. ಪ್ಲೇಟು ಕೊಡುವುದಿದ್ದರೆ ಛಲೋ ಬೆಲೆಗೆ ಎಲ್ಲವನ್ನೂ ತೆಗೆದುಕೊಳ್ಳುತ್ತೇನೆ ಎಂದರು. ಅವುಗಳನ್ನು ಒಂದೊಂದಾಗಿ ನೋಡುತ್ತ, ಬೂದಿಯ ಪ್ಲೇಟು ಬಂದಾಗ ಬೆಳಕಿಗೆ ಹಿಡಿದು, "ಇದು ಮಾತ್ರ ನಡೆಯೋದಿಲ್ಲ ಬಾಯಿ" ಎಂದರು. ಯಾವುದನ್ನೂ ಕೊಡಲಿಲ್ಲ ನಾನು. ಚಹಾ ಕುಡಿಸಿ ಕಳಿಸಿದೆ.

ಅಡುಗೆ ನಡೆಯುತ್ತಿದೆ. ಸಾಸಿವೆ ಸಿಡಿದ ಕೂಡಲೇ ಕರಿಬೇವು ಹಾಕಬೇಕು, ಅದು ಎಲ್ಲರಿಗೂ ಗೊತ್ತಿರುವುದೇ. ನಾನು ಒಳಮನೆಯ ಕಡೆ ಕಿವಿಗೊಟ್ಟು ಸ್ವಲ್ಪ ನಿಲ್ಲುತ್ತೇನೆ. ಈಚೆಗೆ ನಿನ್ನ ಒಗ್ಗರಣೆ ದಿನಾ ಸೀದುಹೋಗುತ್ತಿದೆ ಎಂದು ಮಗಳು ಬೈಯುತ್ತಾಳೆ.