ತೂಗುಕುರ್ಚಿ ನೋಡಲು ಬಂದವರು

ಮರದ ಕೆಲಸದವನು ನಗು ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ. ಮಾಡಿದ್ದನ್ನು ನಾಲ್ಕು ಜನರ ಎದುರು ಇಟ್ಟು ಸುಮ್ಮನೆ ನಿಂತರೆ ಸಾಕು. ನಾನು ಬ್ರಹ್ಮಾವರದ ಕಡೆಯ ಆಚಾರಿ, ಬಾಗಿಲು ಕಿಟಕಿ ಮಾಡಿಯೇ ಬದುಕಿದವನು. ಮೊಬೈಲು ಇನ್ನೂ ಎಲ್ಲರ ಕಿಸೆಗೆ ಬಾರದ ಕಾಲದಲ್ಲಿ, ಆಸೆಪಟ್ಟು ಹಲಸಿನ ಮರದಲ್ಲಿ ಒಂದು ತೂಗುಕುರ್ಚಿ ಮಾಡಿದೆ. ಕುಂದಾಪುರದಲ್ಲಿ ಮರಗೆಲಸದ ಪ್ರದರ್ಶನ ಇದೆ, ಬಹುಮಾನವೂ ಇದೆ ಎಂದು ಕೇಳಿ ಗೋಣಿ ಸುತ್ತಿ ಟೆಂಪೋದಲ್ಲಿ ಕೊಂಡುಹೋದೆ. ಮೂರು ದಿನ ಅದರ ಪಕ್ಕದಲ್ಲೇ ನಿಂತೆ. ಬಹುಮಾನ ಬೇಕೇ ಬೇಕಿತ್ತು. ಜನ ಏನೆನ್ನುತ್ತಾರೋ ಎಂಬ ಕುತೂಹಲ ಅದಕ್ಕಿಂತ ಹೆಚ್ಚಿತ್ತು.

೧. ಕಾಲು ಮಟ್ಟ ಇಲ್ಲ

ಮೊದಲ ದಿನ ಒಬ್ಬ ಅಜ್ಜ ಬಂದು ಕುರ್ಚಿಯ ಕೈ ಒತ್ತಿ ನೋಡಿದರು. ಅದು ತೂಗಿತು. ಇನ್ನೊಮ್ಮೆ ಒತ್ತಿದರು, ಮತ್ತೆ ತೂಗಿತು. ನನ್ನತ್ತ ತಿರುಗಿ ಬಹಳ ಕನಿಕರದಿಂದ, "ಹ್ವಾಯ್ ಆಚಾರ್ರೆ, ಕಾಲ್ ಮಟ್ಟ ಇಲ್ಲೆ" ಎಂದರು.

"ಅದ್ ಹಾಂಗೇ ಅಜ್ಜ, ಅಲ್ಲಾಡ್ಲಿ ಅಂದೇ ಮಾಡಿದ್ದ್" ಎಂದೆ. ಅವರು ನಂಬಲಿಲ್ಲ.

ಅಷ್ಟರಲ್ಲಿ ಯಾರೋ ಕರೆದರೆಂದು ಆಚೆ ಹೋಗಿ ಬಂದೆ. ಅಜ್ಜ ಪೇಪರು ಮಡಚಿ ಕುರ್ಚಿಯಡಿ ಹಿಂದೆ ಮುಂದೆ ತುರುಕಿ, ಅದರಲ್ಲಿ ಗಟ್ಟಿಯಾಗಿ ಕೂತಿದ್ದರು. "ಈಗ ಕಾಣಿ, ಸರಿ ಆಯ್ತ್. ಯಾರಿಗೂ ಹೇಳುದಿಲ್ಲೆ ನಾನ್."

೨. ಕೋಡಿಯ ಗಂಡ ಹೆಂಡತಿ

ಮರುದಿನ ಕಡಲ ಬದಿಯ ಕೋಡಿಯಿಂದ ಗಂಡ ಹೆಂಡತಿ ಬಂದರು. ಆಕೆ ಮೀನು ಮಾರುವವಳು, ಆತ ಹುಟ್ಟಿದಾಗಿನಿಂದ ಕಡಲಲ್ಲೇ ಇದ್ದವನು. ಕುರ್ಚಿಯ ಬಾಗಿದ ಕಾಲನ್ನು ಸವರಿ, "ಇದ್ ದೋಣಿ ಮಾಡುವವ್ರ್ ಬಗ್ಸಿದಾಂಗೇ ಇತ್ತ್" ಎಂದ. ನನಗೆ ಖುಷಿಯಾಗಿ, ಕೂರಿ ಎಂದೆ. ಐದು ಸಲ ತೂಗಿರಬಹುದು, ಮುಖ ಬಿಳಿಚಿ ಥಟ್ಟನೆ ಎದ್ದ.

"ವಾಂತಿ ಬಪ್ಪ ಹಾಂಗ್ ಆತ್ತ್!"

ಹೆಂಡತಿ ಸೊಂಟಕ್ಕೆ ಕೈಯಿಟ್ಟಳು. "ನಲ್ವತ್ತ್ ವರ್ಷ ಸಮುದ್ರಕ್ ಹೋದವ್ರಿಗೆ ಕುರ್ಚಿಯಲ್ ವಾಂತಿಯಾ?"

"ದೋಣಿ ತೂಗಿರೂ ಎಲ್ಲಿಗಾರೂ ಹೋತ್ತ್ ಹೆಣ್ಣೆ. ಇದ್ ಬರೀ ತೂಗತ್ತ್!"

೩. ತೀರ್ಪುಗಾರರು

ಕೊನೆಯ ದಿನ ಮಧ್ಯಾಹ್ನ ಊಟ ಮುಗಿಸಿಕೊಂಡು ತೀರ್ಪುಗಾರರು ಬಂದರು. ನಿವೃತ್ತ ಡ್ರಾಯಿಂಗ್ ಮಾಸ್ತರರು, ದಪ್ಪ ಮೀಸೆ, ಬೆಳಿಗ್ಗೆ ಶಿರೂರಿನಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. "ಕೂತು ನೋಡ್ದೆ ಕುರ್ಚಿಗೆ ಮಾರ್ಕ್ ಕೊಡೂಕೆ ಆತ್ತಾ?" ಎಂದು ಕೂತರು. ನಾನು ಮರದ ಬಗ್ಗೆ, ಅದನ್ನು ಕೂಡಿಸಿದ ರೀತಿಯ ಬಗ್ಗೆ ವಿವರಿಸತೊಡಗಿದೆ. ಹೇಳಿ ಮುಗಿಸಿ ನೋಡಿದರೆ ಮಾಸ್ತರರಿಗೆ ಗಾಢ ನಿದ್ದೆ! ಎಬ್ಬಿಸಿದರೆ ಬಹುಮಾನ ತಪ್ಪೀತೆಂಬ ಹೆದರಿಕೆಯಲ್ಲಿ ಉಸಿರು ಬಿಗಿಹಿಡಿದು ನಿಂತೆ.

ಆಗ ಆಚೆ ಮಳಿಗೆಯ ಮರದ ಬೊಂಬೆಗಳನ್ನು ನೋಡಿಕೊಂಡು ಸಾಲಿಗ್ರಾಮದ ಅಮ್ಮ ಒಬ್ಬರು ಬಂದರು. ಮಾಸ್ತರರನ್ನು ಹತ್ತಿರದಿಂದ, ದೂರದಿಂದ, ಬದಿಯಿಂದ ನೋಡಿದರು. "ಮೀಸೆ ಎಷ್ಟ್ ಲಾಯ್ಕ್ ಕೆತ್ತಿರಿ ಆಚಾರ್ರೆ! ಎಂತ ಮರ ಇದ್?" ಎಂದವರೇ, ನಾನು ಬಾಯಿ ತೆರೆಯುವ ಮೊದಲೇ ಬೆರಳು ಮಡಚಿ ಮಾಸ್ತರರ ಹಣೆಗೆ ಟಕಟಕ ಬಡಿದರು.

"ಯಾರ್ ಅದ್?" ಎಂದು ಮಾಸ್ತರರು ಕಣ್ಣು ಬಿಟ್ಟರು.

"ಅಯ್ಯಯ್ಯೋ, ಮಾತೂ ಆಡತ್ತ್!" ಎಂದು ಅಮ್ಮ ಬಾಗಿಲ ತನಕ ಓಡಿದರು.

ಬಹುಮಾನ ಬೇರೊಬ್ಬರು ಕೆತ್ತಿದ ಮರದ ಗಣಪತಿಗೆ ಹೋಯಿತು. ಸಂಜೆ ತಡೆಯಲಾರದೆ ಮಾಸ್ತರರನ್ನೇ ಕೇಳಿದೆ, "ನನ್ ಕುರ್ಚಿಯಲ್ ಎಂತ ತಪ್ಪ್ ಇತ್ತ್ ಮಾಸ್ಟ್ರೆ?"

ಅವರು ಹಣೆ ಉಜ್ಜಿಕೊಂಡರು. "ತಪ್ಪ್ ಎಂತದೂ ಇಲ್ಲೆ ಮಾರಾಯ್ರೆ. ಆದ್ರೆ ಗಣಪತಿಯನ್ನ್ ನಾನ್ ಎಚ್ಚರ ಇದ್ದ್ ಕಂಡಿದ್ದೆ!"