ಮೂರು ಭಾಷೆಯ ಅಪ್ಪೆಹುಳಿ

ಮೂರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿ ಬಂದವಳಿಗೆ ಈ ಜಗತ್ತಿನಲ್ಲಿ ಅಸಾಧ್ಯವಾದದ್ದು ಯಾವುದೂ ಇಲ್ಲ ಎಂದು ನಾನು ಇಂದಿಗೂ ನಂಬುತ್ತೇನೆ. ಈ ಕಥೆ ಹೇಳಿ ಮುಗಿಸಿದ ಮೇಲೂ ನಂಬುತ್ತೇನೆ!

ಸಿ.ಡಿ.ಗಳ ಕಾಲ ಅದು. ಶಿರಸಿಯ ನಮ್ಮ ಮಹಿಳಾ ಮಂಡಳಕ್ಕೆ ಪುಣೆಯ ಹೆಂಗಸರ ಸಂಘವೊಂದರಿಂದ ಪತ್ರ ಬಂತು. ನಮ್ಮ ಅಡುಗೆಗಳ ಸಿ.ಡಿ. ಬೇಕು, ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ. ನೋಡಿಕೊಂಡು ಮಾಡಿ ಉಣ್ಣುತ್ತಾರೆ, ರುಚಿಸಿದರೆ ಅಲ್ಲಿನ ಆಹಾರ ಮೇಳಕ್ಕೆ ಕರೆಯುತ್ತಾರೆ. ಅಪ್ಪೆಹುಳಿ ಎಂಬ ಕುಡಿಯುವ ಮಾವಿನಕಾಯಿ ಸಾರಿಗೆ ನನ್ನ ಅತ್ತೆಯದೇ, ಅಂದರೆ ಯಜಮಾನರ ಆಯಿಯದೇ ಕೈ. ಇಲ್ಲೇ ಹತ್ತಿರದ ಬಿಳಗಿಯಲ್ಲಿ ಹುಟ್ಟಿದ ಅವರು ಹುಬ್ಬಳ್ಳಿಯಿಂದಾಚೆ ಊರು ಕಂಡವರಲ್ಲ. ಪತ್ರ ಬಂದ ದಿನವೇ ರೇಷ್ಮೆ ಸೀರೆ ತೆಗೆದು ಬಿಸಿಲಿಗೆ ಹಾಕಿದರು.

"ಸಿ.ಡಿ. ಯಾರು ಮಾಡ್ತ?" ಎಂದು ಕೇಳಿದರು.

"ಆನು ಮಾಡ್ತೆ!" ಎಂದೆ.

ಸಾಫ್ಟ್‌ವೇರು ಬಲು ಸಲೀಸು. ಕನ್ನಡದ ಪುಟ ತುಂಬಿಸಿ ಗುಂಡಿ ಒತ್ತಿದರೆ ಅದೇ ಪುಟ ಇನ್ನೆರಡು ಭಾಷೆಗೆ ನಕಲಾಗುತ್ತದೆ. ಮಾತುಗಳನ್ನು ಅನುವಾದಿಸಿದರಾಯಿತು. ಆದರೆ 'ಅಳತೆ, ಲೋಟಗಳಲ್ಲಿ' ಎಂಬ ಚೌಕದಲ್ಲಿ ಅಂಕಿಯಲ್ಲದೆ ಬೇರೇನೂ ಕೂರದು.

"ಅತ್ತೆ, ಉಪ್ಪು ಎಷ್ಟು?"

"ಬೇಕಾದಷ್ಟು."

"ಸೂಜಿಮೆಣಸು?"

"ಖಾರ ನೋಡ್ಕ್ಯಂಡು."

"ಇಂಗು?"

"ಕಣ್ಣಂದಾಜು. ಎಂತ ಕೂಸೆ, ಯಾರಾದ್ರೂ ಇಂಗು ಅಳೆತ್ವನೇ?"

ಚೌಕದಲ್ಲಿ 'ಬೇಕಾದಷ್ಟು' ಎಂದು ಒತ್ತಿದೆ. ಕಂಪ್ಯೂಟರು ಕೊಂಯ್ ಎಂದು ತಿರಸ್ಕರಿಸಿತು. ಹಠ ಬಂತು. ಎಲ್ಲ ಚೌಕಕ್ಕೂ ತಾತ್ಕಾಲಿಕವಾಗಿ ಒಂದೊಂದು '1' ದಯಪಾಲಿಸಿ ಗುಂಡಿ ಒತ್ತಿಯೇಬಿಟ್ಟೆ. ಇಂಗ್ಲಿಷ್ ನಾನೇ ಬರೆದೆ. ಮರಾಠಿಯ ಮಾತುಗಳನ್ನು ಪಕ್ಕದ ಮನೆಯ ಸುಲಭಾ ಕಾಕು ಚೀಟಿಯಲ್ಲಿ ಬರೆದುಕೊಟ್ಟರು. ಅವರು ಬೆಳಗಾವಿ ಕಡೆಯವರು.

ಮರುದಿನ ನನ್ನ ಯಜಮಾನರು ಕನ್ನಡದ ಪುಟ ನೋಡಿ ಕುರ್ಚಿಯಿಂದಲೇ ಎದ್ದುಬಿಟ್ಟರು.

"ಒಂದು ಲೋಟ ಉಪ್ಪಾ? ಇದೆಂತ ಅಪ್ಪೆಹುಳಿಯನೇ, ಉಪ್ಪಿನಕಾಯಿಯನೇ?"

"ತಿದ್ದುಪಡಿ ಪ್ರಕ್ರಿಯೆ ಪ್ರಗತಿಯಲ್ಲಿದೆ!" ಎಂದೆ, ಗಂಭೀರವಾಗಿ.

ಅತ್ತೆಯನ್ನು ಒಲೆಯ ಮುಂದೆ ನಿಲ್ಲಿಸಿ, ಅವರು ಹಾಕಹೊರಟ ಪ್ರತಿ ಚಿಟಿಕೆಯನ್ನೂ ತಡೆದು ಅಳೆದೆ. ಸಾಕಷ್ಟು ಬೈಸಿಕೊಂಡೆ. ಕನ್ನಡದ ಪುಟ ತಿದ್ದಿ ನಾಲ್ಕು ಸಲ ಓದಿದೆ. ಒಂದೂ ಲೋಪವಿಲ್ಲ! ಸಿ.ಡಿ. ಅಂಚೆಗೆ ಹೋಯಿತು.

ಹತ್ತನೇ ದಿನ ಪುಣೆಯಿಂದ ಫೋನು. ಮರಾಠಿ ಕೇಳಿಸಿತೆಂದು ಕಾಕುವನ್ನು ಕರೆತಂದು ಫೋನನ್ನು ಅವರ ಕೈಗೆ ಕೊಟ್ಟೆ. ಕೇಳುತ್ತ ಕೇಳುತ್ತ ಅವರ ಮುಖ ಸಪ್ಪಗಾಯಿತು.

"ಅಲ್ರೀ, ಇಂಗು ಒಂದು ಲೋಟ ಅಂತ ಬರದೀರೇನ್ರಿ? ನಾಕು ಅಂಗಡಿ ತಿರುಗಿ ತಂದಾರಂತ. ಮಲೆನಾಡಿನ ಪದ್ಧತಿ ಇರಬೇಕು ಅಂತ ಅಷ್ಟೂ ಹಾಕ್ಯಾರಂತ! ಮ್ಯಾಲಿನ ಮನಿಯವ್ರು ಮೂಗು ಮುಚ್ಚಿಕೊಂಡು ಕೆಳಗ ಓಡಿ ಬಂದ್ರಂತ!"

ಆಗ ಹೊಳೆಯಿತು. ನಾನು ಕನ್ನಡವನ್ನು ತಿದ್ದಿದೆನೆಂದು ಮರಾಠಿ, ಇಂಗ್ಲಿಷ್ ತಾವಾಗಿಯೇ ತಿದ್ದಿಕೊಳ್ಳುವುದಿಲ್ಲ. ಅಲ್ಲಿ ಎಲ್ಲವೂ ಒಂದೊಂದು ಲೋಟವಾಗಿಯೇ ಕೂತಿತ್ತು. ಆದರೂ ಸೋಲುವವಳೇ ನಾನು?

"ಕನ್ನಡದ ಪುಟ ನೋಡಿ ಅಂತ ಹೇಳಿ ಕಾಕು! ಅಲ್ಲಿ ಎಲ್ಲಾ ಸರಿ ಇದೆ!"

ಕಾಕು ಹೇಳಿದರು, ಉತ್ತರವನ್ನೂ ಕೇಳಿಸಿಕೊಂಡರು. "ಕನ್ನಡ ಬರ್ತಿದ್ರ ಮರಾಠಿ ಯಾಕ ಕೇಳ್ತಿದ್ವಿ ಅಂತಾರ್ರಿ."

ಅತ್ತೆ ತೆಗೆದಿಟ್ಟಿದ್ದ ರೇಷ್ಮೆ ಸೀರೆಯನ್ನು ಮಡಚಿ ಟ್ರಂಕಿಗೆ ಹಾಕತೊಡಗಿದರು. "ಕಾಕು, ತಪ್ಪು ನನ್ನದು, ಅತ್ತೆಯ ಕೈಯದಲ್ಲ! ಅವರು ಮಾಡಿದ್ದನ್ನು ಉಣ್ಣದೆ ತೀರ್ಪು ಕೊಡಬೇಡಿ ಅಂತ ಹೇಳಿ!" ಎಂದು ಕೂಗಿದೆ. ಆ ಕೂಗು ಫೋನಿಲ್ಲದೆಯೇ ಪುಣೆಗೆ ಕೇಳಿಸಿರಬೇಕು.

ವಾರದೊಳಗೆ ಉತ್ತರ ಬಂತು. ಅತ್ತೆ ಖುದ್ದಾಗಿ ಬಂದು ಮಾಡಿ ತೋರಿಸಬೇಕು, ಮಾತಿಗೆ ಕಾಕು ಜೊತೆಗೆ ಬರಬೇಕು. ಸಿ.ಡಿ. ಮಾಡಿದವರು ಬರುವ ಅಗತ್ಯವಿಲ್ಲ!

ಅತ್ತೆಗೆ ಪುಣೆ ತೋರಿಸಿದ್ದು ನನ್ನ ಸಿ.ಡಿ.ಯೇ ಎಂದು ಮಂಡಳದಲ್ಲಿ ಎದೆ ತಟ್ಟಿಕೊಂಡು ಹೇಳಿದ್ದೇನೆ. ಬೇಕಾದವರು ನಗಲಿ. ಅವರು ಬಸ್ಸು ಹತ್ತಿದ ದಿನವೇ, ನಾನು ತಿದ್ದಿದ ಆ ಕನ್ನಡದ ಪುಟವನ್ನು ಎದುರಿಗಿಟ್ಟುಕೊಂಡು, ಚೂರೂ ಅಳತೆ ತಪ್ಪದಂತೆ ಅಪ್ಪೆಹುಳಿ ಮಾಡಿ ಬಡಿಸಿದೆ. ಯಜಮಾನರು ಒಂದು ಗುಟುಕು ಕುಡಿದರು. ಲೋಟ ಕೆಳಗಿಟ್ಟರು. ಮೆಲ್ಲಗೆ ಕೇಳಿದರು:

"ಆಯಿ ಯಾವಾಗ ಬತ್ತು?"